ಒಂದೇ ಅಡುಗೆಮನೆ, ಎರಡು ವೀಸಾ: ಆಸ್ಟ್ರೇಲಿಯಾದ ಒಳನಾಡಿನಿಂದ ಒಂದು ಪ್ರಕರಣ ಅಧ್ಯಯನ

ಕುಂದಾಪುರ ಕಡೆಯ ಇಬ್ಬರು ಅಣ್ಣತಮ್ಮಂದಿರು. ಇಬ್ಬರೂ ಶೆಫ್. ಇಬ್ಬರೂ ದುಡಿದದ್ದು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಶೆಪರ್ಟನ್ ಎಂಬ ಊರಿನಲ್ಲಿ. ಒಂದೇ ರೆಸ್ಟೋರೆಂಟು, ಒಬ್ಬರೇ ಧಣಿ, ಒಂದೇ ತಂದೂರ್ ಒಲೆ. ಅಣ್ಣನ ಕೈಗೆ ವೀಸಾ ಬಂದ ದಿನವೇ ಅವನು ಆ ದೇಶದ ಕಾಯಂ ನಿವಾಸಿ. ತಮ್ಮನಿಗೆ ಸಿಕ್ಕಿದ್ದು 5 ವರ್ಷದ ತಾತ್ಕಾಲಿಕ ವೀಸಾ. ಕೆಲಸದಲ್ಲಿ ಇಬ್ಬರೂ ಸಮ. ಇಬ್ಬರ ನಡುವೆ ಇದ್ದದ್ದು ಒಂದು ತಾರೀಖು, 2019ರ ನವೆಂಬರ್ 16.

ಮೊದಲೇ ಹೇಳಿಬಿಡುತ್ತೇನೆ. ಈ ಅಣ್ಣತಮ್ಮಂದಿರು ಯಾವುದೋ ಒಂದು ಮನೆಯವರಲ್ಲ. ನಿಯಮ ಬದಲಾದಾಗ ಅದು ದುಡಿಯುವವರ ಮೇಲೆ ಹೇಗೆ ಬೀಳುತ್ತದೆ ಅಂತ ತೋರಿಸಲು ನಾನು ಕಟ್ಟಿಕೊಂಡ ಮಾದರಿ ಕುಟುಂಬ ಇದು. ಇವರ ಸಂಬಳ, ಇವರ ಮನೆಯ ದಿನಾಂಕಗಳು ನಾನು ಇಟ್ಟುಕೊಂಡವು. ವೀಸಾಗಳು, ಕಾನೂನು, ಸರ್ಕಾರ ಗೊತ್ತುಮಾಡಿದ ತಾರೀಖು ಮತ್ತು ಡಾಲರ್ ಲೆಕ್ಕ ನಿಜವಾದವು. ಇಲ್ಲಿ ಡಾಲರ್ ಅಂದರೆ ಆಸ್ಟ್ರೇಲಿಯಾದ ಡಾಲರ್.

ಶೆಪರ್ಟನ್ ಮೆಲ್ಬರ್ನ್‌ನಿಂದ ಉತ್ತರಕ್ಕೆ ಕಾರಿನಲ್ಲಿ ಎರಡು ಗಂಟೆಯ ದಾರಿ. ಗೌಲ್ಬರ್ನ್ ಕಣಿವೆಯ ಊರು. ಸುತ್ತ ಪೇರ್, ಪೀಚ್ ತೋಟಗಳು, ಹಾಲಿನ ಡೈರಿಗಳು, ಹಣ್ಣನ್ನು ಡಬ್ಬಿಗೆ ತುಂಬುವ ಕಾರ್ಖಾನೆ. ಇಂಥ ಊರುಗಳಲ್ಲಿ ಕೆಲಸ ಇದೆ, ಕೆಲಸಗಾರರು ಸಾಲುವುದಿಲ್ಲ. ಓದಿದ ಮಕ್ಕಳು ಮೆಲ್ಬರ್ನ್‌ಗೆ ಹೋಗುತ್ತಾರೆ. ಹೊರದೇಶದಿಂದ ಬಂದವರೂ ಹೆಚ್ಚಾಗಿ ಸಿಡ್ನಿ, ಮೆಲ್ಬರ್ನ್‌ನಲ್ಲೇ ಇಳಿದು ಅಲ್ಲೇ ಉಳಿಯುತ್ತಾರೆ. ನಮ್ಮ ಮಲೆನಾಡಿನ ಹಳ್ಳಿಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಈ ಕೊರತೆ ತುಂಬಲು ಆಸ್ಟ್ರೇಲಿಯಾ 1990ರ ದಶಕದ ಮಧ್ಯದಲ್ಲಿ ಒಂದು ಯೋಜನೆ ತಂದಿತು. ಹೆಸರು ರೀಜನಲ್ ಸ್ಪಾನ್ಸರ್ಡ್ ಮೈಗ್ರೇಷನ್ ಸ್ಕೀಮ್. ಒಳನಾಡಿನ ಮಾಲೀಕರು ತಮಗೆ ಬೇಕಾದ ಕೆಲಸಗಾರರನ್ನು ಸ್ಪಾನ್ಸರ್ ಮಾಡಬಹುದು, ಆ ಕೆಲಸಗಾರರಿಗೆ ನೇರವಾಗಿ ಪಿಆರ್, ಅಂದರೆ ಕಾಯಂ ವಾಸದ ಹಕ್ಕು. 2012ರ ಜುಲೈ 1ರಿಂದ ಇದು 187 ಎಂಬ ನಂಬರಿನ ವೀಸಾ ಆಯಿತು. ನಮ್ಮವರ ಬಾಯಲ್ಲಿ ಅದು ಸುಮ್ನೆ "ಒನ್ ಎಯ್ಟಿ ಸೆವೆನ್".

ಅಣ್ಣನ ದಾರಿ

ಅಣ್ಣ ಮೆಲ್ಬರ್ನ್‌ನಲ್ಲಿ ಅಡುಗೆಯ ಕೋರ್ಸ್ ಓದಿ, ಅಲ್ಲೇ ಕೆಲವು ವರ್ಷ ದುಡಿದು, ಆಮೇಲೆ ಶೆಪರ್ಟನ್‌ಗೆ ಬಂದವನು. ಅವನು ಅರ್ಜಿ ಹಾಕುವ ಹೊತ್ತಿಗೆ 187 ಸಡಿಲವಾದ ವೀಸಾ ಆಗಿ ಉಳಿದಿರಲಿಲ್ಲ. 2017ರ ಏಪ್ರಿಲ್ 18ರಂದು ಆಗಿನ ಪ್ರಧಾನಿ ಮಾಲ್ಕಮ್ ಟರ್ನ್‌ಬುಲ್, ಹೊರದೇಶದ ಕೆಲಸಗಾರರನ್ನು ತಾತ್ಕಾಲಿಕವಾಗಿ ಕರೆಸಿಕೊಳ್ಳುವ 457 ವೀಸಾವನ್ನೇ ರದ್ದು ಮಾಡುವುದಾಗಿ ಸಾರಿದ್ದರು. ಆ ಬಿಗಿ 187ಕ್ಕೂ ತಾಗಿತು. 2017ರ ಜುಲೈಯಿಂದ ಡೈರೆಕ್ಟ್ ಎಂಟ್ರಿ, ಅಂದರೆ ಮೊದಲು ತಾತ್ಕಾಲಿಕ ವೀಸಾದಲ್ಲಿ ದುಡಿಯದೆ ನೇರ ಪಿಆರ್‌ಗೆ ಹೋಗುವ ದಾರಿಯ ವಯಸ್ಸಿನ ಮಿತಿ 50ರಿಂದ 45ಕ್ಕೆ ಇಳಿಯಿತು. 2018ರ ಮಾರ್ಚ್‌ನಿಂದ ಅದೇ ಕೆಲಸದಲ್ಲಿ 3 ವರ್ಷದ ಅನುಭವ ಕಡ್ಡಾಯವಾಯಿತು. ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ನ ನಾಲ್ಕೂ ವಿಭಾಗದಲ್ಲಿ 6 ಬರಬೇಕಿತ್ತು.

ಅಷ್ಟು ದಾಟಿದರೆ ಫಲ ದೊಡ್ಡದು. ಗ್ರಾಂಟ್ ಆದ ದಿನವೇ ಪಿಆರ್. ಅದಕ್ಕೆ ಬದಲಾಗಿ ಒಂದು ಮಾತು ಕೊಡಬೇಕಿತ್ತು: ಸ್ಪಾನ್ಸರ್ ಮಾಡಿದ ಮಾಲೀಕರ ಬಳಿ 2 ವರ್ಷ ಕೆಲಸ. ಹೇಳದೆ ಕೇಳದೆ ಬಿಟ್ಟು ಹೋದರೆ ವೀಸಾ ರದ್ದು ಮಾಡುವ ಅಧಿಕಾರ ವಲಸೆ ಕಾಯ್ದೆಯ 137ಕ್ಯೂ ಸೆಕ್ಷನ್‌ನಲ್ಲಿ ಇದೆ. ಆದರೂ ಕಾಯಂ ಹಕ್ಕು ಮೊದಲು ಕೈಗೆ ಬರುತ್ತಿತ್ತು, ಋಣ ತೀರಿಸುವುದು ಆಮೇಲೆ.

2019ರ ಮಾರ್ಚ್ 20ರಂದು ಪ್ರಧಾನಿ ಸ್ಕಾಟ್ ಮಾರಿಸನ್ ಹೊಸ ಯೋಜನೆ ಸಾರಿದರು. ಒಟ್ಟು ಕಾಯಂ ವಲಸೆಯ ಮಿತಿ ವರ್ಷಕ್ಕೆ 1,90,000ದಿಂದ 1,60,000ಕ್ಕೆ ಇಳಿಯುವುದು. ಅದರಲ್ಲಿ 23,000 ಜಾಗ ಒಳನಾಡಿಗೆ ಮೀಸಲು: 9,000 ಮಾಲೀಕರು ಸ್ಪಾನ್ಸರ್ ಮಾಡುವವರಿಗೆ, 14,000 ರಾಜ್ಯಗಳು ಅಥವಾ ಬಂಧುಗಳು ಸೂಚಿಸುವವರಿಗೆ. ಆ ವರ್ಷವೇ ಮೀಸಲು 25,000ಕ್ಕೆ ಏರಿತು. ಜೊತೆಗೆ 187ರ ಡೈರೆಕ್ಟ್ ಎಂಟ್ರಿ ನವೆಂಬರ್ 16ಕ್ಕೆ ಮುಚ್ಚುವುದು ಅಂತ ಗೊತ್ತಾಯಿತು.

ಅಣ್ಣ ಓಡಾಡಿ ಕಾಗದ ಕೂಡಿಸಿದ. ಧಣಿಯ ನಾಮಿನೇಷನ್ (ಈ ಕೆಲಸಕ್ಕೆ ಇವನು ಬೇಕು ಅಂತ ಮಾಲೀಕರು ಸರ್ಕಾರಕ್ಕೆ ಕೊಡುವ ಅರ್ಜಿ), ತನ್ನ ವೀಸಾ ಅರ್ಜಿ ಎರಡನ್ನೂ ನವೆಂಬರ್ ಮೊದಲ ವಾರದಲ್ಲಿ ಸಲ್ಲಿಸಿದ. ಆಮೇಲೆ ಕೊರೊನಾ ಬಂತು. ರೆಸ್ಟೋರೆಂಟು ಬರೀ ಪಾರ್ಸೆಲ್‌ಗೆ ಇಳಿಯಿತು. ತೀರ್ಮಾನ ಬರುವ ಮೊದಲು ಧಣಿ ಬಾಗಿಲು ಹಾಕಿದ್ದರೆ ನಾಮಿನೇಷನ್ ಬೀಳುತ್ತಿತ್ತು, ಅದರ ಹಿಂದೆಯೇ ಅಣ್ಣನ ಅರ್ಜಿಯೂ. ಹಳೆಯ ವೀಸಾವನ್ನು ಹೊಗಳುವವರು ಈ ಕಾಯುವ ಕಾಲದ ಹೆದರಿಕೆಯನ್ನು ಮರೆಯಬಾರದು. 2021ರಲ್ಲಿ ಗ್ರಾಂಟ್ ಬಂತು. 2023ರಲ್ಲಿ ಎರಡು ವರ್ಷ ಮುಗಿಯಿತು. ಆ ಬೇಸಿಗೆಯಲ್ಲೇ ಅಣ್ಣ ಮಗಳ ಓದು, ಹೆಂಡತಿಯ ಕೆಲಸ ಅಂತ ಮೆಲ್ಬರ್ನ್‌ಗೆ ಮನೆ ಬದಲಿಸಿದ.

ಸರ್ಕಾರಕ್ಕಿದ್ದ ತಕರಾರು ಇದೇ. ಒಳನಾಡಿನ ಹೆಸರಿನಲ್ಲಿ ಪಿಆರ್ ತೆಗೆದುಕೊಂಡವರು ಅವಧಿ ಮುಗಿದ ಕೂಡಲೇ ದೊಡ್ಡ ನಗರಕ್ಕೆ ಹೋದರೆ ಶೆಪರ್ಟನ್‌ನಂಥ ಊರಿಗೆ ಉಳಿಯುವುದೇನು? ಇದು ನ್ಯಾಯವಾದ ಪ್ರಶ್ನೆ. ಅಣ್ಣ ತಪ್ಪು ಮಾಡಲಿಲ್ಲ, ಕೊಟ್ಟ ಮಾತು ಪೂರ್ತಿ ನಡೆಸಿಯೇ ಹೋದ. ಆದರೆ ಅವನು ಬಿಟ್ಟ ಒಲೆಯ ಮುಂದೆ ನಿಲ್ಲಲು ಧಣಿಗೆ ಮತ್ತೊಬ್ಬ ಬೇಕಾಯಿತು ಅನ್ನುವುದೂ ನಿಜ.

ತಮ್ಮನ ದಾರಿ

ತಮ್ಮ ಅದಾಗಲೇ ಅಲ್ಲಿದ್ದ. ಅವನು ಮಂಗಳೂರಿನಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ, ಬೆಂಗಳೂರು, ದುಬೈನಲ್ಲಿ ದುಡಿದವನು. ಅವನ ಪಾಲಿಗೆ 187 ಇರಲಿಲ್ಲ. ಅದರ ಜಾಗಕ್ಕೆ ಬಂದ 494 ಇತ್ತು. ಅರ್ಹತೆಯಲ್ಲಿ ಹೆಚ್ಚು ವ್ಯತ್ಯಾಸವಿಲ್ಲ: 45ರೊಳಗಿನ ವಯಸ್ಸು, 3 ವರ್ಷದ ಅನುಭವ, ಐಇಎಲ್‌ಟಿಎಸ್ 6, ಶೆಫ್‌ಗಳಿಗೆ ಟ್ರೇಡ್ಸ್ ರೆಕಗ್ನಿಷನ್ ಆಸ್ಟ್ರೇಲಿಯಾದ ಕೌಶಲ ಪರೀಕ್ಷೆ. ಊರಿನ ಸಂಬಳದ ಮಟ್ಟ ಸರಿಯಿದೆಯೇ ಅಂತ ಆ ಪ್ರದೇಶದ ಸಂಸ್ಥೆಯೊಂದು ಅಭಿಪ್ರಾಯ ಕೊಡಬೇಕು. ಧಣಿ ಸರ್ಕಾರದ ತರಬೇತಿ ನಿಧಿಗೆ ಒಂದು ಸಲ ಲೆವಿ ಕಟ್ಟಬೇಕು. ವಹಿವಾಟು ವರ್ಷಕ್ಕೆ 1 ಕೋಟಿ ಡಾಲರ್‌ಗಿಂತ ಕಡಿಮೆ ಇದ್ದರೆ 3,000, ಜಾಸ್ತಿ ಇದ್ದರೆ 5,000. ಈ ದುಡ್ಡನ್ನು ಕೆಲಸಗಾರನ ಮೇಲೆ ಹಾಕುವ ಹಾಗಿಲ್ಲ.

ಇಲ್ಲಿ ಒಂದು ಮಾತು ಊರಿನವರಿಗೆ. "ಇಷ್ಟು ಲಕ್ಷ ಕೊಡಿ, ಸ್ಪಾನ್ಸರ್ ಹುಡುಕಿಕೊಡುತ್ತೇವೆ" ಅನ್ನುವವರು ನಮ್ಮಲ್ಲಿ ಸಿಗುತ್ತಾರೆ. ಸ್ಪಾನ್ಸರ್ ಮಾಡಲು ದುಡ್ಡು ಕೇಳುವುದು, ತೆಗೆದುಕೊಳ್ಳುವುದು 2015ರ ಡಿಸೆಂಬರ್ 14ರಿಂದ ಆಸ್ಟ್ರೇಲಿಯಾದಲ್ಲಿ ಅಪರಾಧ. ಕೊಡಲು ಮುಂದಾದವರಿಗೂ ದಂಡ ಇದೆ, ವೀಸಾ ಹೋಗುವ ಅಪಾಯ ಇದೆ. ದಯವಿಟ್ಟು ಮನೆಯ ಒಡವೆ ಅಡವಿಟ್ಟು ಆ ದಾರಿಗೆ ಹೋಗಬೇಡಿ.

ತಮ್ಮನಿಗೆ 2022ರ ಜೂನ್‌ನಲ್ಲಿ 494 ಗ್ರಾಂಟ್ ಆಯಿತು. ಸಂಬಳ ವರ್ಷಕ್ಕೆ 57,000. ಆಗ ಸರ್ಕಾರ ಇಟ್ಟಿದ್ದ ಕನಿಷ್ಠ ಸಂಬಳದ ಗೆರೆ 53,900. ಹೆಂಡತಿ, ಮಗನ ಜೊತೆ ಬಂದ. ಸರ್ಕಾರದ ಆರೋಗ್ಯ ಯೋಜನೆ ಮೆಡಿಕೇರ್‌ನ ಕಾರ್ಡ್ ಸಿಕ್ಕಿತು, ಡಾಕ್ಟರ ಖರ್ಚಿನ ಚಿಂತೆ ಅಷ್ಟಕ್ಕೆ ತಪ್ಪಿತು. ಅಮ್ಮ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ಮಗಾ, ಅಣ್ಣನಿಗೆ ಆದ ಹಾಗೆ ನಿನಗೂ ಪರ್ಮನೆಂಟ್ ಆಯ್ತಾ?"

"ಇಲ್ಲ ಅಮ್ಮ, ಇನ್ನೂ ಮೂರು ವರ್ಷ."

ಈ ಮೂರು ವರ್ಷದೊಳಗೆ ಏನೇನಿದೆ ನೋಡಿ.

ಮೊದಲನೆಯದು ಊರಿನ ಕಟ್ಟು. 494 ಇರುವವರು, ಅವರ ಹೆಂಡತಿ ಅಥವಾ ಗಂಡ, ಮಕ್ಕಳು ಎಲ್ಲರೂ ಗೊತ್ತುಮಾಡಿದ ಪ್ರಾದೇಶಿಕ ಜಾಗದಲ್ಲೇ ಇರಬೇಕು, ಅಲ್ಲೇ ದುಡಿಯಬೇಕು, ಅಲ್ಲೇ ಓದಬೇಕು. ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಬಿಟ್ಟು ಉಳಿದದ್ದೆಲ್ಲ ಪ್ರಾದೇಶಿಕವೇ. 20 ಲಕ್ಷಕ್ಕೂ ಹೆಚ್ಚು ಜನರ ಪರ್ತ್ ಕೂಡ! 2017ರ ನವೆಂಬರ್‌ನಲ್ಲಿ ಪರ್ತ್ ನಗರವನ್ನು ಹಳೆಯ ಯೋಜನೆಯ ಪಟ್ಟಿಯಿಂದ ತೆಗೆದಿದ್ದರು, 2019ರಲ್ಲಿ ಗೋಲ್ಡ್ ಕೋಸ್ಟ್ ಜೊತೆ ಅದನ್ನು ಹೊಸ ಯೋಜನೆಗೆ ಸೇರಿಸಿದರು. ಶೆಪರ್ಟನ್‌ಗೂ ಪರ್ತ್‌ಗೂ ಒಂದೇ ವೀಸಾ ಅಂದ ಮೇಲೆ ಕೆಲಸ ಹುಡುಕುವವರು ಮೊದಲು ಎಲ್ಲಿಗೆ ಹೋಗುತ್ತಾರೆ ಅಂತ ಊಹಿಸುವುದು ಕಷ್ಟವಲ್ಲ. ಸಣ್ಣ ಊರುಗಳಿಗೆ ಇಲ್ಲೇ ಒಂದು ಪೆಟ್ಟು ಬಿತ್ತು ಅಂತ ನನ್ನ ಭಾವನೆ.

ಎರಡನೆಯದು ಮಾಲೀಕರ ಕಟ್ಟು. ನಾಮಿನೇಷನ್ ಹಾಕಿದ ಧಣಿಯ ಬಳಿಯೇ, ಹೇಳಿದ ಕೆಲಸವೇ ಮಾಡಬೇಕು. ಬೇರೆಯವರ ಬಳಿ ಹೋಗಬೇಕಾದರೆ ಆ ಹೊಸ ಮಾಲೀಕರು ಸ್ಪಾನ್ಸರ್ ಆಗಿ, ಹೊಸ ನಾಮಿನೇಷನ್ ಹಾಕಿ, ಅದು ಒಪ್ಪಿಗೆಯಾಗಬೇಕು. ಲೆವಿ ಮತ್ತೆ ಕಟ್ಟಬೇಕು.

ಮೂರನೆಯದರ ಬಗ್ಗೆ ಜನ ಮಾತಾಡುವುದು ಕಡಿಮೆ, ನನಗೆ ಕಾಡುವುದು ಅದೇ. ಒಮ್ಮೆ 494 ತೆಗೆದುಕೊಂಡರೆ 186, 189, 190ರಂಥ ಬೇರೆ ಕಾಯಂ ವೀಸಾಗಳಿಗೆ 3 ವರ್ಷ ಅರ್ಜಿ ಹಾಕುವ ಹಾಗಿಲ್ಲ. ಬೇರೆ ಮಾಲೀಕರು "ನಿನಗೆ ನೇರ ಪಿಆರ್ ಕೊಡಿಸುತ್ತೇನೆ ಬಾ" ಅಂದರೂ ಆ ಬಾಗಿಲು ಮುಚ್ಚಿದೆ.

ಮೂರು ವರ್ಷ ದಾಟಿದರೆ 191 ಎಂಬ ಕಾಯಂ ವೀಸಾ. ಇದು 2022ರ ನವೆಂಬರ್ 16ರಂದು ಶುರುವಾಯಿತು, ಮೊದಲ 494ಗಳಿಗೆ ಸರಿಯಾಗಿ ಮೂರು ವರ್ಷ ತುಂಬುವ ಹೊತ್ತಿಗೆ. ಇದರ ಒಳ್ಳೆಯ ಗುಣಗಳನ್ನು ಹೇಳಲೇಬೇಕು. 191ಕ್ಕೆ ಮಾಲೀಕರ ಸಹಿ ಬೇಡ. ವಯಸ್ಸಿನ ಮಿತಿ ಇಲ್ಲ. ಇಂಗ್ಲಿಷ್ ಪರೀಕ್ಷೆ ಮತ್ತೆ ಬೇಡ. ವೀಸಾದ ಷರತ್ತು ಪಾಲಿಸಿರಬೇಕು, ಮೂರು ಆದಾಯ ವರ್ಷದ ತೆರಿಗೆ ನೋಟಿಸ್, ಅಂದರೆ ತೆರಿಗೆ ಕಚೇರಿ ಲೆಕ್ಕ ನೋಡಿ ಕೊಡುವ ಪತ್ರ, ಇರಬೇಕು. ಮೊದಲು ವರ್ಷಕ್ಕೆ ಇಂತಿಷ್ಟು ಆದಾಯ ಬೇಕು ಅಂದಿದ್ದರು, ಕೊನೆಗೆ ಆ ಕನಿಷ್ಠ ಮೊತ್ತವನ್ನು ಇಡಲಿಲ್ಲ. ಕೊನೆಯ ಹೆಜ್ಜೆಯಲ್ಲಿ ಧಣಿ "ಸಹಿ ಹಾಕಲ್ಲ" ಅಂತ ಹೆದರಿಸುವ ಅವಕಾಶವನ್ನೇ ಈ ವೀಸಾ ತೆಗೆದುಹಾಕಿದೆ. ಇದನ್ನು ಯೋಚಿಸಿ ಬರೆದವರಿಗೆ ನಾನು ಮನಸಾರೆ ನಮಸ್ಕಾರ ಹೇಳುತ್ತೇನೆ.

ಸಂಬಳದ ಗೆರೆ ಮೇಲೆ ಹೋದಾಗ

53,900 ಡಾಲರ್ ಅನ್ನುವ ಗೆರೆ 2013ರ ಜುಲೈಯಿಂದ ಅಲ್ಲೇ ನಿಂತಿತ್ತು. ಹತ್ತು ವರ್ಷದಲ್ಲಿ ಬಾಡಿಗೆ, ಹಾಲು, ಪೆಟ್ರೋಲ್ ಎಲ್ಲ ಏರಿತು, ಗೆರೆ ಮಾತ್ರ ಅಲುಗಲಿಲ್ಲ. ವಾರಕ್ಕೆ 38 ಗಂಟೆ ಲೆಕ್ಕದಲ್ಲಿ ಅದು ಗಂಟೆಗೆ 27 ಡಾಲರ್ ಚಿಲ್ಲರೆ. ಹೊರದೇಶದ ಕೌಶಲದ ಕೆಲಸಗಾರರನ್ನು ಅಗ್ಗಕ್ಕೆ ದುಡಿಸಿಕೊಳ್ಳಲು ಇದು ದಾರಿ ಆಗಿತ್ತು. 2023ರಲ್ಲಿ ಮಾರ್ಟಿನ್ ಪಾರ್ಕಿನ್ಸನ್ ನೇತೃತ್ವದ ಸಮಿತಿ ಇಡೀ ವಲಸೆ ವ್ಯವಸ್ಥೆಯನ್ನು ಪರಿಶೀಲಿಸಿ ವರದಿ ಕೊಟ್ಟಿತು. ಆಗಿನ ಗೃಹ ಸಚಿವೆ ಕ್ಲೇರ್ ಓ'ನೀಲ್ ಗೆರೆಯನ್ನು ಜುಲೈ 1ರಿಂದ 70,000ಕ್ಕೆ ಏರಿಸಿದರು. 2024ರ ಜುಲೈಯಲ್ಲಿ ಅದು 73,150 ಆಯಿತು, 2025ರ ಜುಲೈಯಲ್ಲಿ 76,515. ಸೂಪರ್ ಅನ್ನುವ ನಿವೃತ್ತಿ ನಿಧಿ ಇದರ ಮೇಲೆ ಬೇರೆ.

ಈ ಏರಿಕೆ ಸರಿಯಾದದ್ದು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಮನುಷ್ಯನನ್ನು ಊರು ಬಿಡಿಸಿ ಕರೆಸಿಕೊಂಡ ಮೇಲೆ ಅವನು ಸಂಸಾರ ನಡೆಸುವಷ್ಟು ಕೊಡಬೇಕು. ಅದರಲ್ಲಿ ಎರಡು ಮಾತಿಲ್ಲ.

ಆದರೆ ಆ ಗೆರೆ ಹೊಸ ನಾಮಿನೇಷನ್‌ಗಳಿಗೆ ಮಾತ್ರ. ತಮ್ಮನ 57,000ಕ್ಕೆ ಅದು ತಾನಾಗಿ ಅನ್ವಯವಾಗಲಿಲ್ಲ. ಮೊದಲ ನೋಟಕ್ಕೆ ಇದು ಸಣ್ಣ ವಿಷಯ ಅನ್ನಿಸಿತು. 2024ರ ಆಗಸ್ಟ್‌ನಲ್ಲಿ ಅದೇ ದೊಡ್ಡದಾಯಿತು. ರೆಸ್ಟೋರೆಂಟು ಮುಚ್ಚಿತು.

ಧಣಿ ಕೆಟ್ಟವರಲ್ಲ. ಕೊರೊನಾ ಕಾಲದ ಸಾಲ, ಏರಿದ ಬಾಡಿಗೆ, ಕಡಿಮೆಯಾದ ಗಿರಾಕಿ. ಕೊನೆಯ ವಾರದ ಸಂಬಳ ಚುಕ್ತಾ ಮಾಡಿ, ತಮ್ಮನ ಕೈಗೆ ಕೆಲಸದ ಪತ್ರ ಕೊಟ್ಟು, "ಕ್ಷಮಿಸಪ್ಪಾ" ಅಂದರು. ಆವತ್ತು ರಾತ್ರಿ ತಮ್ಮ, ಅವನ ಹೆಂಡತಿ ಅಡುಗೆಮನೆಯ ಮೇಜಿನ ಮೇಲೆ ಕ್ಯಾಲೆಂಡರ್ ಇಟ್ಟುಕೊಂಡು ಕೂತರು. ಮೂರು ವರ್ಷ ತುಂಬಲು ಇನ್ನೂ 10 ತಿಂಗಳು.

ಒಂದು ಸಮಾಧಾನ ಇತ್ತು. ಕೆಲಸ ಹೋದವರಿಗೆ ಹೊಸ ಸ್ಪಾನ್ಸರ್ ಹುಡುಕಲು ಮೊದಲು ಇದ್ದ ಗಡುವು ತೀರಾ ಚಿಕ್ಕದು. 2024ರ ಜುಲೈ 1ರಿಂದ ಅದನ್ನು ಒಂದು ಸಲಕ್ಕೆ 180 ದಿನ, ಇಡೀ ವೀಸಾ ಅವಧಿಗೆ ಒಟ್ಟು 365 ದಿನ ಅಂತ ಹೆಚ್ಚಿಸಿದ್ದರು. ಆ ದಿನಗಳಲ್ಲಿ ಬೇರೆ ಮಾಲೀಕರ ಬಳಿ, ಬೇರೆ ಕೆಲಸವನ್ನೂ ಮಾಡಬಹುದು. ಅದೇ ದಿನ ಇನ್ನೊಂದು ಕಾನೂನೂ ಜಾರಿಗೆ ಬಂದಿತ್ತು. ವೀಸಾ ಸ್ಥಿತಿಯನ್ನು ಹಿಡಿದುಕೊಂಡು ಕೆಲಸಗಾರರನ್ನು ಬಲವಂತ ಮಾಡುವುದು ಮಾಲೀಕರಿಗೆ ಈಗ ಕ್ರಿಮಿನಲ್ ಅಪರಾಧ. ಈ ಎರಡೂ ಎರಡು ವರ್ಷ ಮೊದಲೇ ಬಂದಿದ್ದರೆ ಎಷ್ಟು ಮನೆಗಳ ನಿದ್ದೆ ಉಳಿಯುತ್ತಿತ್ತೋ!

ತಮ್ಮ ಹಣ್ಣಿನ ಪ್ಯಾಕಿಂಗ್ ಶೆಡ್‌ಗೆ ಹೋದ. ಬೆಳಗ್ಗೆ ಪೆಟ್ಟಿಗೆ ಎತ್ತುವುದು, ಮಧ್ಯಾಹ್ನ ಫೋನ್ ಹಿಡಿದು ರೆಸ್ಟೋರೆಂಟು, ಕ್ಲಬ್ಬು, ಮೋಟೆಲ್‌ಗಳಿಗೆ ಕರೆ ಮಾಡುವುದು. ಅಣ್ಣ ಮೆಲ್ಬರ್ನ್‌ನಿಂದ ಫೋನ್ ಮಾಡಿದ. "ಇಲ್ಲಿಗೆ ಬಾರೋ. ನಮ್ಮ ಮನೆಯಲ್ಲಿ ಇರಿ. ನಾನಿರುವ ಕಡೆಯೇ ಶೆಫ್ ಬೇಕಾಗಿದ್ದಾರೆ."

"ಬರೋಕಾಗಲ್ಲ ಅಣ್ಣಾ. ಬಂದರೆ ಷರತ್ತು ಮುರಿದ ಹಾಗೆ."

ಎರಡು ಗಂಟೆಯ ದಾರಿಯಲ್ಲಿ ಸ್ವಂತ ಅಣ್ಣನ ಮನೆ, ಅದರಲ್ಲಿ ಖಾಲಿ ಕೋಣೆ, ಅಲ್ಲೇ ಕೆಲಸ. ನೆಂಟನಾಗಿ ಹೋಗಿ ಹಬ್ಬದ ಊಟ ಮಾಡಿ ಬರಬಹುದು. ಅಲ್ಲಿ ನೆಲೆಸುವ ಹಾಗಿಲ್ಲ, ದುಡಿಯುವ ಹಾಗಿಲ್ಲ. ಕೆಲಸ ಇರುವಾಗ ಊರಿನ ಕಟ್ಟು ಅಷ್ಟು ಭಾರ ಅನ್ನಿಸುವುದಿಲ್ಲ. ಕೆಲಸ ಹೋದ ದಿನ ಅದರ ತೂಕ ಗೊತ್ತಾಗುತ್ತದೆ.

ಶೆಪರ್ಟನ್‌ನಲ್ಲಿ ಅವನ ಕೈರುಚಿ ಬಲ್ಲ ಇಬ್ಬರು ಮಾಲೀಕರಿದ್ದರು. ಇಬ್ಬರಿಗೂ ಆಸೆ ಇತ್ತು. ಲೆಕ್ಕ ಹಾಕಿದರು. ಹಳೆಯ 57,000 ನಡೆಯುವುದಿಲ್ಲ, ಹೊಸ ನಾಮಿನೇಷನ್ ಅಂದರೆ ಕನಿಷ್ಠ 73,150. ವರ್ಷಕ್ಕೆ 16,150 ಜಾಸ್ತಿ. ಅದರ ಮೇಲೆ ಸೂಪರ್, ಲೆವಿ 3,000, ಏಜೆಂಟ್ ಖರ್ಚು. ಗಂಟೆಯ ಲೆಕ್ಕದಲ್ಲಿ 29 ಡಾಲರ್ ಹತ್ತಿರ ಇದ್ದದ್ದು 37 ಆಗುತ್ತದೆ. ಮೆಲ್ಬರ್ನ್‌ನ ದೊಡ್ಡ ಹೋಟೆಲಿಗೂ ಶೆಪರ್ಟನ್‌ನ ಮೂವತ್ತು ಕುರ್ಚಿಯ ಊಟದ ಮನೆಗೂ ಇಡೀ ದೇಶಕ್ಕೆ ಒಂದೇ ಗೆರೆ. ಇಬ್ಬರೂ ಕೈಮುಗಿದರು.

ಕೆಲಸಗಾರನನ್ನು ಕಾಯಲು ಎಳೆದ ಗೆರೆ ಆ ಹೊತ್ತಿನಲ್ಲಿ ಅವನಿಗೇ ಗೋಡೆಯಾಯಿತು. ಹಾಗಂತ ಗೆರೆ ಇಳಿಸಬೇಕು ಅಂತ ನಾನು ಹೇಳಲಾರೆ. ಇಳಿಸಿದರೆ ಮತ್ತೆ ಅಗ್ಗದ ದುಡಿಮೆಗೆ ದಾರಿ. ತೊಡಕು ಇರುವುದು ಗೆರೆಯಲ್ಲಿ ಅಲ್ಲ ಅಂತ ನನ್ನ ನಂಬಿಕೆ. ಎರಡು ವರ್ಷಕ್ಕೂ ಜಾಸ್ತಿ ಅದೇ ಊರಿನಲ್ಲಿ ತೆರಿಗೆ ಕಟ್ಟಿ ದುಡಿದವನು ತನ್ನ ಉಳಿದ 10 ತಿಂಗಳಿಗಾಗಿ ಮತ್ತೆ ಮೊದಲಿನಿಂದ ಒಬ್ಬ ಸ್ಪಾನ್ಸರನನ್ನು ಹುಡುಕಬೇಕು ಅನ್ನುವುದರಲ್ಲಿ ತೊಡಕಿದೆ. ಆ ಊರಿನ ಯಾವುದೇ ಮಾಲೀಕರ ಬಳಿ, ಕಾನೂನಿನ ಸಂಬಳಕ್ಕೆ, ಅದೇ ಕೆಲಸ ಮಾಡಿ ಅವಧಿ ಮುಗಿಸಲು ಬಿಟ್ಟರೆ ಊರಿಗೂ ಲಾಭ, ಅವನಿಗೂ ನೆಮ್ಮದಿ.

ಒಳನಾಡಿನ ಕೆಲವು ಕಡೆ ಡಾಮಾ ಅನ್ನುವ ವಿಶೇಷ ಒಪ್ಪಂದಗಳಿವೆ. ಗೌಲ್ಬರ್ನ್ ಕಣಿವೆಗೂ ಒಂದಿದೆ. ಇಂಥ ಒಪ್ಪಂದಗಳಲ್ಲಿ ವಯಸ್ಸು, ಇಂಗ್ಲಿಷ್, ಕೆಲವು ಕಡೆ ಸಂಬಳದ ಗೆರೆಗೂ ಸ್ವಲ್ಪ ಸಡಿಲಿಕೆ ಸಿಗುತ್ತದೆ. ಆದರೆ ಮಾಲೀಕರು ಮೊದಲು ಸ್ಥಳೀಯ ಸಂಸ್ಥೆಯ ಒಪ್ಪಿಗೆ ಪಡೆದು, ಆಮೇಲೆ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಳ್ಳಬೇಕು. 180 ದಿನ ಎಣಿಸುತ್ತಿರುವವನಿಗೆ ಅದು ದೂರದ ದಾರಿ.

ಕೊನೆಗೆ ಕೆಲಸ ಸಿಕ್ಕಿದ್ದು ಬೆಂಡಿಗೊದಲ್ಲಿ, ಸುಮಾರು 120 ಕಿಲೋಮೀಟರ್ ಪಶ್ಚಿಮಕ್ಕೆ. ದೊಡ್ಡ ಕ್ಲಬ್ಬಿನ ಅಡುಗೆಮನೆ, ಸಂಬಳ 75,000. ಬೆಂಡಿಗೊ ಪ್ರಾದೇಶಿಕ ಪಟ್ಟಿಯಲ್ಲೇ ಇದೆ, ಷರತ್ತಿಗೆ ಅಡ್ಡಿಯಿಲ್ಲ. ಅಕ್ಟೋಬರ್‌ನಲ್ಲಿ ನಾಮಿನೇಷನ್ ಹಾಕಿದರು, ಜನವರಿಯಲ್ಲಿ ಒಪ್ಪಿಗೆ ಬಂತು. 180 ದಿನ ಮುಗಿಯಲು ಮೂರು ವಾರ ಬಾಕಿ ಇತ್ತು. ಮಗನ ಶಾಲೆ ಬದಲಾಯಿತು, ಹೆಂಡತಿ ಶೆಪರ್ಟನ್‌ನ ವೃದ್ಧಾಶ್ರಮದಲ್ಲಿದ್ದ ತನ್ನ ಕೆಲಸ ಬಿಟ್ಟಳು. ಶೆಪರ್ಟನ್ ಒಬ್ಬ ಶೆಫ್‌ನನ್ನೂ ಒಬ್ಬ ಆರೈಕೆ ಕೆಲಸಗಾರ್ತಿಯನ್ನೂ ಒಟ್ಟಿಗೆ ಕಳೆದುಕೊಂಡಿತು.

ಚಿಕ್ಕಮ್ಮನ ಮಗ

ಈ ಮನೆಯಲ್ಲಿ ಮೂರನೆಯವನೊಬ್ಬ ಇದ್ದಾನೆ, ಚಿಕ್ಕಮ್ಮನ ಮಗ. ಅವನೂ ಶೆಫ್. 2022ರ ಆರಂಭದಲ್ಲೇ ನೇರ ಮೆಲ್ಬರ್ನ್‌ಗೆ ಬಂದ, 457ರ ಜಾಗಕ್ಕೆ ಬಂದಿದ್ದ 482 ಎಂಬ ತಾತ್ಕಾಲಿಕ ವೀಸಾದಲ್ಲಿ. ಒಳನಾಡಿನ ಕಟ್ಟು ಅವನಿಗಿಲ್ಲ. ಆಗ 482ರಿಂದ ಪಿಆರ್‌ಗೆ ಹೋಗಲು ಅದೇ ಮಾಲೀಕರ ಬಳಿ 3 ವರ್ಷ ಬೇಕಿತ್ತು, ಶೆಫ್‌ಗಳಿಗೆ ಆ ದಾರಿ ಇತ್ತು, ಬೇರೆ ಎಷ್ಟೋ ಕೆಲಸಗಳಿಗೆ ಅದೂ ಇರಲಿಲ್ಲ.

2023ರ ನವೆಂಬರ್ 25ರಂದು ಅದು ಬದಲಾಯಿತು. 482ರಲ್ಲಿ ಇರುವ ಎಲ್ಲರಿಗೂ 186, ಅಂದರೆ ಮಾಲೀಕರು ಸ್ಪಾನ್ಸರ್ ಮಾಡುವ ಕಾಯಂ ವೀಸಾದ ದಾರಿ ತೆರೆಯಿತು. ಬೇಕಾದ ಅವಧಿ 3ರಿಂದ 2 ವರ್ಷಕ್ಕೆ ಇಳಿಯಿತು. 2024ರ ಡಿಸೆಂಬರ್ 7ರಿಂದ ಇನ್ನೂ ಸಡಿಲ: 482ರ ಜಾಗಕ್ಕೆ ಸ್ಕಿಲ್ಸ್ ಇನ್ ಡಿಮ್ಯಾಂಡ್ ವೀಸಾ ಬಂತು, ಒಪ್ಪಿಗೆ ಪಡೆದ ಯಾವುದೇ ಸ್ಪಾನ್ಸರ್ ಬಳಿ ದುಡಿದ ಕಾಲವೂ ಆ 2 ವರ್ಷಕ್ಕೆ ಸೇರುತ್ತದೆ. ಕಾಯಂ ವಲಸೆಯ ಲೆಕ್ಕದಲ್ಲೂ ಮಾಲೀಕರ ಸ್ಪಾನ್ಸರ್ ಪಾಲು ಹೆಚ್ಚಿತು. 2023-24ರಲ್ಲಿ 36,825 ಇದ್ದದ್ದು 2024-25ರಲ್ಲಿ 44,000. ಪ್ರಾದೇಶಿಕ ಪಾಲು 32,300ರಿಂದ 33,000, ಅಷ್ಟೇ.

ಈಗ ಮೂವರನ್ನೂ ಪಕ್ಕ ಪಕ್ಕ ನಿಲ್ಲಿಸಿ. 2022ರಲ್ಲಿ ಬಂದ ಚಿಕ್ಕಮ್ಮನ ಮಗ 2 ವರ್ಷ ಮುಗಿಸಿ 2024ರಲ್ಲೇ 186ಕ್ಕೆ ಅರ್ಜಿ ಹಾಕಿದ. ಅದೇ ವರ್ಷ ಬಂದ ತಮ್ಮ ಒಳನಾಡಿನಲ್ಲಿ ದುಡಿದೂ 2025ರ ತನಕ ಕಾಯಬೇಕಾಯಿತು. ಸಣ್ಣ ಊರಿಗೆ ಜನ ಬರಲಿ ಅಂತ ಶುರುವಾದ ಯೋಜನೆ, ಈಗ ಸಣ್ಣ ಊರಿಗೆ ಹೋದವನನ್ನೇ ಜಾಸ್ತಿ ಕಾಯಿಸುತ್ತಿದೆ. 2019ರಲ್ಲಿ 494 ಬರೆದವರು ಹೀಗಾಗಲಿ ಅಂತ ಬಯಸಿರಲಾರರು. ಒಂದು ಕಡೆಯ ನಿಯಮ ಸಡಿಲಿಸುವಾಗ ಇನ್ನೊಂದು ಕಡೆಯದನ್ನು ಮುಟ್ಟದೆ ಬಿಟ್ಟದ್ದರಿಂದ ಹೀಗಾಯಿತು. 2024ರಲ್ಲಿ ಸರ್ಕಾರ ಪ್ರಾದೇಶಿಕ ವಲಸೆಯ ಬಗ್ಗೆಯೇ ಒಂದು ಚರ್ಚಾಪತ್ರ ಹೊರಡಿಸಿ ಜನರ ಅಭಿಪ್ರಾಯ ಕೇಳಿತು. ನಾನು ಕೇಳುವುದು ಇಷ್ಟು: 191ರ ಮೂರು ವರ್ಷವನ್ನು ಎರಡಕ್ಕೆ ಇಳಿಸಲಿ, ಅದಾಗದಿದ್ದರೆ 186ರ ಬಾಗಿಲನ್ನಾದರೂ 494ರವರಿಗೆ ತೆರೆಯಲಿ.

ಚಿಕ್ಕಮ್ಮನ ಮಗನ ದಾರಿಯಲ್ಲೂ ಮುಳ್ಳಿದೆ. 186ಕ್ಕೆ ಮಾಲೀಕರು ಮತ್ತೆ ನಾಮಿನೇಷನ್ ಹಾಕಲೇಬೇಕು. ಅವರು ಒಪ್ಪದಿದ್ದರೆ ಎರಡು ವರ್ಷದ ದುಡಿಮೆ ಇದ್ದೂ ಬಾಗಿಲ ಹೊರಗೆ. ಅರ್ಜಿ ಹಾಕುವಾಗ ವಯಸ್ಸು ಸಾಮಾನ್ಯವಾಗಿ 45ರೊಳಗೆ ಇರಬೇಕು. ಅದಕ್ಕೇ 43, 44ರಲ್ಲಿ ಹೊರಡುವವರಿಗೆ 494 ಈಗಲೂ ಒಳ್ಳೆಯದು ಅಂತ ನನ್ನ ಅನಿಸಿಕೆ. ಒಳಗೆ ಬರುವಾಗ 45ರೊಳಗೆ ಇದ್ದರೆ ಸಾಕು, ಕೊನೆಯಲ್ಲಿ ವಯಸ್ಸು ಕೇಳುವವರಿಲ್ಲ. 30ರ ಹುಡುಗನಿಗೆ, ಒಳ್ಳೆಯ ಮಾಲೀಕರು ಸಿಕ್ಕಿದ್ದರೆ, ಎರಡು ವರ್ಷದ ದಾರಿಯೇ ಮೇಲು.

ಮನೆ ಕೊಳ್ಳುವ ವಿಷಯದಲ್ಲೂ ವ್ಯತ್ಯಾಸ ಇದೆ. ಅಣ್ಣ ಪಿಆರ್ ಆದ್ದರಿಂದ ಮೆಲ್ಬರ್ನ್‌ನ ಹೊರವಲಯದಲ್ಲಿ ಹಳೆಯ ಮನೆಯೊಂದನ್ನು ಸಾಲ ಮಾಡಿ ಕೊಂಡ. ತಮ್ಮ ಕಾನೂನಿನ ಕಣ್ಣಿಗೆ ಇನ್ನೂ ತಾತ್ಕಾಲಿಕ ನಿವಾಸಿ. 2025ರ ಏಪ್ರಿಲ್ 1ರಿಂದ 2027ರ ಮಾರ್ಚ್ 31ರ ತನಕ ತಾತ್ಕಾಲಿಕ ನಿವಾಸಿಗಳು ಸಾಮಾನ್ಯವಾಗಿ ಹಳೆಯ ಮನೆ ಕೊಳ್ಳುವ ಹಾಗಿಲ್ಲ. ಹೊಸದಾಗಿ ಕಟ್ಟಿದ್ದನ್ನು ಕೊಳ್ಳಬಹುದು, ಅದಕ್ಕೂ ಸರ್ಕಾರದ ಅನುಮತಿ ಬೇಕು. ಜನ ಒಳನಾಡಿನಲ್ಲಿ ಬೇರು ಬಿಡಲಿ ಅನ್ನುವ ವೀಸಾ ಇರುವವನಿಗೆ ಅಲ್ಲಿ ಒಂದು ಹಳೆಯ ಮನೆ ಕೊಳ್ಳಲು ಬಿಡದಿದ್ದರೆ ಬೇರು ಬಿಡುವುದಾದರೂ ಎಲ್ಲಿ?

ಕಾಗದ ಪತ್ರ

ತಮ್ಮನ ಕೈ ಹಿಡಿದದ್ದು ಅವನ ಹೆಂಡತಿಯ ಒಂದು ಅಭ್ಯಾಸ. ಮೊದಲ ತಿಂಗಳಿಂದ ಪ್ರತಿ ಪೇಸ್ಲಿಪ್, ಬ್ಯಾಂಕ್ ಪಟ್ಟಿ, ಸೂಪರ್ ಕಟ್ಟಿದ ಲೆಕ್ಕ, ಬಾಡಿಗೆ ಕರಾರು ಎಲ್ಲವನ್ನೂ ಒಂದು ಫೈಲಿನಲ್ಲಿ ಇಟ್ಟಿದ್ದಳು. ಕೆಲಸ ಹೋದ ದಿನ, ಹೊಸ ನಾಮಿನೇಷನ್ ಒಪ್ಪಿಗೆಯಾದ ದಿನ, ಪ್ಯಾಕಿಂಗ್ ಶೆಡ್‌ನ ಪಗಾರ, ಎಲ್ಲಕ್ಕೂ ಕಾಗದ ಇತ್ತು. ಎಲ್ಲಿದ್ದೆವು, ಎಷ್ಟು ದಿನ ಸ್ಪಾನ್ಸರ್ ಇಲ್ಲದೆ ಇದ್ದೆವು ಅನ್ನುವುದನ್ನು ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ಈ ದಾರಿಯಲ್ಲಿ ಇರುವ ಪ್ರತಿಯೊಬ್ಬರೂ ಹೀಗೆ ಒಂದು ಫೈಲ್ ಇಟ್ಟುಕೊಳ್ಳಿ. ಜೂನ್ 30ಕ್ಕೆ ಆದಾಯ ವರ್ಷ ಮುಗಿದ ಮೇಲೆ ತೆರಿಗೆ ಲೆಕ್ಕ ತಡ ಮಾಡದೆ ಸಲ್ಲಿಸಿ. 191ಕ್ಕೆ ಬೇಕಾದ ನೋಟಿಸ್ ಬರುವುದು ಅದರಿಂದಲೇ.

2025ರ ಜೂನ್‌ನಲ್ಲಿ ತಮ್ಮನಿಗೆ ಮೂರು ವರ್ಷ ತುಂಬಿತು. ಮೂರನೆಯ ತೆರಿಗೆ ನೋಟಿಸ್ ಆಗಸ್ಟ್‌ನಲ್ಲಿ ಬಂತು. ಆವತ್ತು ಕ್ಲಬ್ಬಿನಲ್ಲಿ ರಾತ್ರಿ ಶಿಫ್ಟ್ ಮುಗಿಸಿ ಬಂದು, ಹೆಂಡತಿಯ ಪಕ್ಕ ಕೂತು, 191ರ ಅರ್ಜಿ ತುಂಬಿದ. ನಾಮಿನೇಷನ್ ಕೇಳುವ ಜಾಗ ಅದರಲ್ಲಿ ಎಲ್ಲೂ ಇರಲಿಲ್ಲ. ಅವನು ಎರಡು ಸಲ ಮೇಲಿಂದ ಕೆಳಗೆ ನೋಡಿದ. ಪಿಆರ್ ಬಂದ ಮೇಲೂ ನಾಗರಿಕ ಆಗಲು ಕನಿಷ್ಠ ಇನ್ನೊಂದು ವರ್ಷ ಪಿಆರ್ ಆಗಿ ಇರಬೇಕು, ಅದು ಮುಂದಿನ ಮಾತು.

ಕುಂದಾಪುರದಲ್ಲಿ ಆಗ ಸಂಜೆ. ಅಮ್ಮನಿಗೆ ಫೋನ್ ಮಾಡಿದ.

"ಆಯ್ತಾ ಮಗಾ?"

"ಹಾಕಿದ್ದೀನಿ ಅಮ್ಮ. ಇನ್ನು ಅವರು ಹೇಳಬೇಕು."

"ಈ ಸಲ ಧಣಿ ಸಹಿ ಹಾಕಿಕೊಟ್ಟರಾ?"

"ಈ ಸಲ ಯಾರ ಸಹಿಯೂ ಬೇಡ ಅಮ್ಮ. ನಂದೇ ಸಾಕು."